ಗಾಯವಿಲ್ಲದವರ ಸಾಲು

ಪುತ್ತೂರಿನ ಏಳು ಜಟಕಾದವರಿಗೆ ಬರಬೇಕಾಗಿದ್ದ ಏಳು ಇಂಜೆಕ್ಷನ್‌ಗಳಲ್ಲಿ ನಾಲ್ಕು ಇವತ್ತಿಗೂ ಬಾಕಿ ಇವೆ. ಕೂಲಿಯ ಬಾಕಿ ಕೇಳಿ ಬೀಡಿ ಸಂಘದವರಾದ ನಮಗೆ ಅಭ್ಯಾಸವಿದೆ. ಬೆರಳು ಮಡಚಿ ಲೆಕ್ಕ ಹಾಕಿ, ಧಣಿಯ ಅಂಗಳದಲ್ಲಿ ಕುಳಿತು, ಬೈಸಿಕೊಂಡಾದರೂ ವಸೂಲು ಮಾಡುತ್ತೇವೆ. ತೋಳಿಗೆ ಚುಚ್ಚಬೇಕಾದ ಸೂಜಿಯ ಬಾಕಿಯನ್ನು ಯಾರ ಅಂಗಳದಲ್ಲಿ ಕುಳಿತು ಕೇಳುವುದೆಂದು ನಮಗೆ ಗೊತ್ತಿರಲಿಲ್ಲ. ಅದನ್ನು ಮೊದಲು ಕೇಳಿದವನು ಕುಂಞಿ ಮೋನು, ಜಟಕಾ ಹೊಡೆಯುವವನು. ಅವನಿಗೆ ಓದು ಬರುತ್ತಿರಲಿಲ್ಲ. ಇದು ಅವನ ಕಥೆ. ಇದರಲ್ಲಿ ವೀರರು ಯಾರೂ ಇಲ್ಲ.

ಅವನ ಅಪ್ಪನೂ ಜಟಕಾದವನೇ. ದರ್ಬೆಯ ರಸ್ತೆಯಿಂದ ಒಳಗೆ ಇಳಿದರೆ ಎರಡು ಕೋಣೆಯ ಮನೆ, ಮನೆಗಿಂತ ಎತ್ತರದ ಒಂದು ಲಾಯ. ಲಾಯದಲ್ಲಿ ಮುತ್ತು ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಪುತ್ತೂರಿಗೆ ರೈಲು ಬಂದ ಮೇಲೆ ಒಂದೆರಡು ವರ್ಷ ಜಟಕಾದವರಿಗೆ ಜೀವ ಬಂದಿತ್ತು. ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ ಸುಬ್ರಹ್ಮಣ್ಯಕ್ಕೆ ಹೋಗುವವರ ಗಂಟುಮೂಟೆ, ಬಸ್‌ಸ್ಟ್ಯಾಂಡಿನಿಂದ ದರ್ಬೆಗೆ ಅಕ್ಕಿಮುಡಿ, ನಡುವೆ ಹೆರಿಗೆಗೆ ಹೊರಟ ಹೆಂಗಸರು. ಬೆಳಿಗ್ಗೆ ಎದ್ದು ಮುತ್ತುವಿಗೆ ಬೇಯಿಸಿದ ಹುರುಳಿ, ಆಮೇಲೆ ತನಗೆ ಗಂಜಿ. ಸಂಜೆ ಬಂದರೆ ಅದರ ಕಾಲು ತೊಳೆದು, ಗೊರಸು ಎತ್ತಿ ನೋಡಿ, ಆಮೇಲೆ ತನ್ನ ಕಾಲು ತೊಳೆಯುವುದು. ಕುದುರೆ ಬದಲಾದರೂ ಹೀಗೇ ಇಪ್ಪತ್ತೆರಡು ವರ್ಷ.

ಊರಿನ ಏಳೂ ಜಟಕಾದವರಲ್ಲಿ ಒಂದು ರೀತಿ ಇತ್ತು. ಲಾಯದ ಒಳಗೆ ಚಪ್ಪಲಿ ಹಾಕಿ ಹೋಗುವುದಿಲ್ಲ. ಹೊಸ್ತಿಲ ಹೊರಗೆ ಬಿಟ್ಟು, ಬರಿಗಾಲಲ್ಲಿ ಸೆಗಣಿ, ಮೂತ್ರ, ಹುಲ್ಲಿನ ಮೇಲೆ ನಡೆಯುವುದು. ಅನ್ನ ಕೊಡುವ ಜಾಗ ಅದು, ಅಲ್ಲಿಗೆ ಚಪ್ಪಲಿ ಹಾಕಿ ಹೋಗುವವನ ಕುದುರೆ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಹೊರಗಿನವರು ಅಪ್ಪಿತಪ್ಪಿ ಚಪ್ಪಲಿ ಮೆಟ್ಟಿ ಒಳಗೆ ಹೋದರೆ ಅವರನ್ನು ಹೊರಗೆ ಕರೆದು, ಬಿಡಿಸಿ, ಮತ್ತೆ ಕಳಿಸುತ್ತಿದ್ದರು. ನನ್ನನ್ನೂ ಹಾಗೆ ಕಳಿಸಿದ್ದಾರೆ.

ಜಟಕಾಕ್ಕೆ ವರ್ಷಕ್ಕೊಮ್ಮೆ ಲೈಸೆನ್ಸು. ಅದರ ಕಾಗದದಲ್ಲಿ ‘ಕುದುರೆಯ ಆರೋಗ್ಯ ತಪಾಸಣೆ ಮಾಡಲಾಗಿದೆ’ ಎಂದು ಅಚ್ಚಾಗಿರುತ್ತಿತ್ತು. ಗುಮಾಸ್ತ ಕಿಟಕಿಯಿಂದ ಹೊರಗೆ ಇಣುಕಿ, ನಾಲ್ಕು ಕಾಲು ಇವೆಯೆಂದು ಖಾತ್ರಿ ಮಾಡಿಕೊಂಡು ಮೊಹರು ಒತ್ತುತ್ತಿದ್ದ. ಗಾಡಿ ಎಳೆಯುವ ಜೀವಕ್ಕೆ ನಡೆಯುತ್ತಿದ್ದ ತಪಾಸಣೆ ಅಷ್ಟೇ. ಗಾಡಿ ಹೊಡೆಯುವ ಜೀವದ ಸುದ್ದಿ ಆ ಕಾಗದದಲ್ಲಿ ಇರಲೇ ಇಲ್ಲ.

ಇದು ತಪ್ಪು ಎಂದು ಕುಂಞಿ ಮೋನುವಿಗೆ ಹೊಳೆದದ್ದು ಎಪ್ಪತ್ತೊಂಬತ್ತರಲ್ಲಿ. ಕಡಬದ ಆಚೆ ಗುಡ್ಡದಲ್ಲಿ ಔಸೇಪ್ ಎಂಬವನ ರಬ್ಬರ್ ತೋಟ. ಕೇರಳದಿಂದ ಬಂದು ಕಾಡು ಕಡಿದು ನೆಲೆ ನಿಂತ ಕುಟುಂಬ. ತೋಟಕ್ಕೆ ರಸ್ತೆ ಇರಲಿಲ್ಲ. ರಬ್ಬರ್ ಶೀಟನ್ನು ಗುಡ್ಡದಿಂದ ಕೆಳಗೆ ಹೊರಲು ಅವನು ಕುಂಞಿ ಮೋನುವಿನಿಂದ ಒಂದು ಮುದಿ ಕುದುರೆ ಕೊಂಡಿದ್ದ. ಕೊಂಡ ಎಂಟನೇ ತಿಂಗಳಲ್ಲಿ ಕುದುರೆಗೆ ಎಂತದೋ ಆಗಿದೆ, ಬೇಗ ಬನ್ನಿ ಎಂದು ಹೇಳಿ ಕಳಿಸಿದ. ಕುಂಞಿ ಮೋನು ಬಸ್ಸು ಹಿಡಿದು, ಇಳಿದು, ಎರಡು ಗಂಟೆ ಗುಡ್ಡ ಹತ್ತಿ ಹೋದ.

ಕುದುರೆ ಮರದ ಬೊಂಬೆಯ ಹಾಗೆ ನಾಲ್ಕು ಕಾಲು ಅಗಲಿಸಿ ನಿಂತಿತ್ತು. ಬಾಲ ಸೆಟೆದಿತ್ತು. ಕಿವಿ ಎರಡೂ ನೆಟ್ಟಗೆ. ದವಡೆ ಕಚ್ಚಿಕೊಂಡು ಹುಲ್ಲಿನ ಎಸಳು ಹಲ್ಲಿನ ನಡುವೆ ಹಾಗೇ ಉಳಿದಿತ್ತು. ಯಾರೋ ಬಾಗಿಲು ದಡಕ್ಕನೆ ಹಾಕಿದಾಗ ಇಡೀ ಮೈ ಬಿಗಿದು ನಡುಗಿತು. ಗೊರಸಿನಲ್ಲಿ ಹಳೆಯ ಮುಳ್ಳಿನ ತೂತು. ಮರುದಿನ ಮಧ್ಯಾಹ್ನ ಸತ್ತಿತು.

ಔಸೇಪ್ ಜಗಳ ಮಾಡಲಿಲ್ಲ. ಹೊಂಡ ತೋಡುವಾಗ ಒಂದೇ ಮಾತು ಕೇಳಿದ.

“ಕಾಕಾ, ಇದು ಹೀಗೆ ಆಗ್ತದೆ ಅಂತ ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು. ಅಪ್ಪನ ಕಾಲದಲ್ಲಿ ಎರಡು ಕುದುರೆ ಹೀಗೇ ಸೆಟೆದು ಸತ್ತದ್ದನ್ನು ಅವನು ಕಂಡಿದ್ದ. ಆಗ ಕಣ್ಣು ತಾಗಿದೆ ಎಂದು ನೂಲು ಮಂತ್ರಿಸಿ ಕಟ್ಟಿದ್ದರು. ಮಾರುವ ಮೊದಲು ಔಸೇಪನ ಕುದುರೆಯ ಕುತ್ತಿಗೆಗೂ ಅಂಥದೇ ನೂಲು ಕಟ್ಟಿಕೊಟ್ಟಿದ್ದ. ಹೊರಡುವಾಗ ಔಸೇಪ್, ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಒಂದು ಜೊತೆ ಹಳೇ ರಬ್ಬರ್ ಬೂಟನ್ನು ಅವನ ಕೈಗೆ ಕೊಟ್ಟನಂತೆ. ಗುಡ್ಡದಲ್ಲಿ ರಕ್ತ ಹೀರುವ ಇಂಬಳದ ಕಾಟ, ಇಳಿಯುವಾಗ ಇರಲಿ ಎಂದು.

ಪುತ್ತೂರಿಗೆ ಬಂದವನು ನೇರ ಹೋದದ್ದು ದನದ ಆಸ್ಪತ್ರೆಗೆ. ಅಲ್ಲಿನ ಕಂಪೌಂಡರ್ ಮಾಯಿಲಪ್ಪ ಒಳ್ಳೆಯವನು, ಬಾಯಿ ಮಾತ್ರ ಚಾಟಿ. ಅದು ಧನುರ್ವಾಯು, ಮೊದಲೇ ಸೂಜಿ ಹಾಕಿಸಿದ್ದರೆ ಬರುವುದಿಲ್ಲ ಎಂದು ಅವನೇ ತಿಳಿಸಿದ್ದು. ಹಾಗಾದರೆ ನನ್ನ ಕುದುರೆಗೆ ಹಾಕಿ ಎಂದ ಕುಂಞಿ ಮೋನು.

“ಬ್ಯಾರಿಗಳೇ, ನಮ್ಮ ಲಿಸ್ಟಿನಲ್ಲಿ ದನ ಉಂಟು, ಎಮ್ಮೆ ಉಂಟು, ಆಡು, ಕೋಳಿ ಎಲ್ಲ ಉಂಟು. ಕುದುರೆ ಇಲ್ಲ. ಎರಡು ಕೊಂಬು ಅಂಟಿಸಿ ತನ್ನಿ, ನೋಡುವ.”

“ಕೊಂಬು ನಿಮ್ಮ ಆಫೀಸರಿಗೆ ಉಂಟಲ್ಲ ಮಾರಾಯ್ರೆ, ಅದನ್ನೇ ಸ್ವಲ್ಪ ದಿನಕ್ಕೆ ಕೊಡಿ.”

ನಕ್ಕಾದ ಮೇಲೆ ಮಾಯಿಲಪ್ಪ ಅವನನ್ನು ಕೂರಿಸಿ ಇನ್ನೊಂದು ವಿಷಯ ಹೇಳಿದ. ಈ ಬೇನೆಯ ಬೀಜ ಕುದುರೆಯ ಸೆಗಣಿಯಲ್ಲೇ ಇರುತ್ತದೆ. ಕುದುರೆಗೆ ಏನೂ ಆಗದಿದ್ದರೂ ಇರುತ್ತದೆ. ಮಣ್ಣಲ್ಲಿ ವರ್ಷಗಟ್ಟಲೆ ಸಾಯುವುದಿಲ್ಲ. ತುಕ್ಕು ಹಿಡಿದ ಮೊಳೆಯೋ ಮುಳ್ಳೋ ಅದನ್ನು ಮಾಂಸದ ಒಳಗೆ ಕೊಂಡುಹೋದರೆ ಕುದುರೆಯೂ ಒಂದೇ, ನೀವೂ ಒಂದೇ. ಹಾಗಾಗಿ ಕುದುರೆಗೆ ಒಂದು, ಮಾಲಿಕರಿಗೆ ಒಂದು, ಎರಡೂ ಬೇಕು. ಬರಿಗಾಲಲ್ಲಿ ಲಾಯಕ್ಕೆ ಹೋಗಬೇಡಿ.

ಕೊನೆಯ ಮಾತು ಕುಂಞಿ ಮೋನುವಿನ ಕಿವಿಗೆ ಹೋಗಲೇ ಇಲ್ಲ. ಔಸೇಪ್ ಕೊಟ್ಟ ಬೂಟು ಲಾಯದ ಹೊರಗೇ ಕುಳಿತಿತ್ತು. ರಸ್ತೆಯ ಕೆಸರಿನಲ್ಲಿ ಅದನ್ನು ಹಾಕಿಕೊಂಡು ಬರುವುದು, ಬಾಗಿಲಲ್ಲಿ ಬಿಚ್ಚಿಟ್ಟು ಸೆಗಣಿಗೆ ಬರಿಗಾಲು ಇಡುವುದು.

ಆದರೆ ಮನುಷ್ಯರಿಗೂ ಸೂಜಿ ಬೇಕು ಎಂಬುದು ಅವನ ತಲೆಗೆ ಗಟ್ಟಿಯಾಗಿ ಹೋಯಿತು. ಏಳು ಜನರನ್ನೂ ಒಟ್ಟು ಸೇರಿಸಿ ಮನುಷ್ಯರ ಆಸ್ಪತ್ರೆಗೆ ಹೋದ. ಯಾವ ಆಸ್ಪತ್ರೆ ಎಂದು ಹೆಸರು ಬೇಡ. ಆ ಕಾಲದಲ್ಲಿ ಎಲ್ಲಿಗೆ ಹೋಗಿದ್ದರೂ ಇದೇ ಆಗುತ್ತಿತ್ತು. ಚೀಟಿ ಬರೆಯುವವನು ತಲೆ ಎತ್ತದೆ ಗಾಯ ಎಲ್ಲಿ ಎಂದು ಕೇಳಿದ. ಗಾಯ ಇಲ್ಲ ಎಂದರು. ಗಾಯ ಆದ ಮೇಲೆ ಬನ್ನಿ ಎಂದ. ಗಾಯ ಆಗುವ ಮೊದಲು ಹಾಕುವುದಲ್ಲವೇ ಇದು ಎಂದು ಕುಂಞಿ ಮೋನು ಕೇಳಿದ್ದಕ್ಕೆ, ಅದು ಬಸುರಿ ಹೆಂಗಸರಿಗೆ, ನಿಮಗಲ್ಲ ಎಂದು ಕಿಟಕಿ ಮುಚ್ಚಿದ.

ಅಲ್ಲಿಂದ ಅವನು ನಮ್ಮ ಬೀಡಿ ಕೆಲಸಗಾರರ ಸಂಘದ ಕೋಣೆಗೆ ಬಂದ. ಗೇಣಿದಾರರಿಗೆ ಭೂಮಿಯ ಡಿಕ್ಲರೇಷನ್ ಅರ್ಜಿ ಬರೆದು ಬರೆದು ನನ್ನ ಕೈ ಪಳಗಿತ್ತು. ಒಂದೂವರೆ ವರ್ಷದಲ್ಲಿ ನಾಲ್ಕು ಅರ್ಜಿ ಬರೆದುಕೊಟ್ಟೆ. ಪ್ರತಿ ಅರ್ಜಿಯಲ್ಲೂ ಎರಡೇ ಬೇಡಿಕೆ. ಒಂದು, ಜಟಕಾದ ಕುದುರೆಗಳಿಗೆ ಸೂಜಿ. ಎರಡು, ಜಟಕಾದವರಿಗೆ ಸೂಜಿ. ನಾಲ್ಕಕ್ಕೂ ಉತ್ತರವಿಲ್ಲ. ಐದನೆಯದಕ್ಕೆ ಕಾಗದ ಹಾಳು ಮಾಡುವುದು ಬೇಡ ಎಂದು ತೀರ್ಮಾನವಾಯಿತು. ಎಂಬತ್ತೊಂದರ ಮಳೆಗಾಲಕ್ಕೆ ಮೊದಲು, ಒಂದು ಸೋಮವಾರ ಬೆಳಿಗ್ಗೆ ಏಳೂ ಜಟಕಾ ಲೈಸೆನ್ಸ್ ಕಚೇರಿಯ ಎದುರು ಹೋಗಿ ನಿಂತವು.

ಘೋಷಣೆ ಕೂಗಿದ್ದು ನಾವು ನಾಲ್ಕೈದು ಜನ. ಕೆಲಸ ಮಾಡಿದ್ದು ಕುದುರೆಗಳು. ಹೊಟ್ಟೆ ತುಂಬ ಹುರುಳಿ ತಿಂದು ಬಂದಿದ್ದವು. ಒಂದೊಂದಾಗಿ ಮೆಟ್ಟಿಲ ಬುಡದಲ್ಲೇ ಅರ್ಜಿ ಹಾಕಿದವು. ಬಿಸಿಲೇರಿದ ಹಾಗೆ ಕಚೇರಿಯ ಒಳಗೆ ಕುಳಿತುಕೊಳ್ಳಲು ಯಾರಿಗೂ ಸಾಧ್ಯವಾಗಲಿಲ್ಲ. ಹನ್ನೊಂದು ಗಂಟೆಗೆ ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದು ಹೊರಗೆ ಬಂದ. ಕುದುರೆಗಳಿಗೆ ಹದಿನೈದು ದಿನದಲ್ಲಿ ಔಷಧ ತರಿಸುತ್ತೇನೆ ಎಂದು ಬರೆದುಕೊಟ್ಟ. ಎರಡನೆಯ ಬೇಡಿಕೆ ತನ್ನ ಇಲಾಖೆಗೆ ಸೇರಿದ್ದಲ್ಲ ಎಂದ.

ನಾವು ಮೊದಲನೆಯದನ್ನು ಹಿಡಿದುಕೊಂಡು ಮನೆಗೆ ಹೋದೆವು. ಗೆದ್ದೆವು ಎಂದು ಚಾ ಕುಡಿದೆವು. ಅರ್ಧ ಬೇಡಿಕೆ ಕಿಸೆಗೆ ಹಾಕಿಕೊಂಡು ಎದ್ದುಬರುವುದು ಹೋರಾಟದವರ ಹಳೇ ರೋಗ. ಆ ದಿನ ಎದ್ದವರಲ್ಲಿ ನಾನೂ ಒಬ್ಬ.

ಮಾತು ಕೊಟ್ಟ ಹಾಗೆ ಔಷಧ ಬಂತು. ದರ್ಬೆಯ ಮೈದಾನದಲ್ಲಿ ಏಳೂ ಕುದುರೆಗಳಿಗೆ ಡಾಕ್ಟರರೂ ಮಾಯಿಲಪ್ಪನೂ ಸೂಜಿ ಹಾಕಿದರು. ತಿಂಗಳು ಬಿಟ್ಟು ಎರಡನೇ ಸೂಜಿ. ಮುತ್ತು ಮಾಯಿಲಪ್ಪನ ಅಂಗಿಯ ತೋಳು ಕಚ್ಚಿ ಹರಿಯಿತು. ಹೋಗುವಾಗ ಅವನು ಎಲ್ಲರಿಗೂ ಕೇಳುವಂತೆ, ಇದು ಕುದುರೆಗೆ ಮಾತ್ರ, ನಿಮ್ಮದು ಬೇರೆ ಹಾಕಿಸಿಕೊಳ್ಳಬೇಕು ಎಂದು ಹೇಳಿದ್ದ. ಎಲ್ಲರೂ ತಲೆ ಅಲ್ಲಾಡಿಸಿದ್ದರು.

ತಲೆ ಅಲ್ಲಾಡಿಸುವುದು ಬೇರೆ, ನಂಬುವುದು ಬೇರೆ. ಕುಂಞಿ ಮೋನು ತನ್ನದೇ ಒಂದು ತರ್ಕ ಕಟ್ಟಿಕೊಂಡಿದ್ದ. ಅದನ್ನು ಸ್ಟೇಷನ್ನಿನ ಎದುರು ಮಿಕ್ಕವರಿಗೂ ಬಿಡಿಸಿ ಹೇಳುತ್ತಿದ್ದ. ನಾಯಿಗೆ ಹುಚ್ಚುನಾಯಿ ಸೂಜಿ ಹಾಕಿಸಿದರೆ ಆ ನಾಯಿಯಿಂದ ಮನೆಯವರಿಗೆ ಭಯವಿಲ್ಲ. ಹಾಗೆಯೇ, ಕುದುರೆಗೆ ಸೂಜಿ ಬಿದ್ದರೆ ಅದರ ಮೈ ಶುದ್ಧ. ಮೈ ಶುದ್ಧವಾದರೆ ಸೆಗಣಿ ಶುದ್ಧ. ಸೆಗಣಿ ಶುದ್ಧವಾದ ಲಾಯದಲ್ಲಿ ನಡೆಯುವವನಿಗೆ ಇನ್ನೆಂತ ಸೂಜಿ? ಕೇಳಿದವರಿಗೆ ಸರಿ ಎನ್ನಿಸಿತು. ಮನುಷ್ಯರ ಆಸ್ಪತ್ರೆಯವರು ಹೇಗೂ ಕಿಟಕಿ ಮುಚ್ಚಿದ್ದರು. ಮತ್ತೆ ಹೋಗಿ ಮುಖ ಕೆಡಿಸಿಕೊಳ್ಳುವ ಕೆಲಸ ತಪ್ಪಿತು ಎಂಬ ನೆಮ್ಮದಿಯೂ ಅದರಲ್ಲಿತ್ತು.

ಅದೇ ವರ್ಷ ನವೆಂಬರಿನಲ್ಲಿ ಲಾಳ ಕಟ್ಟುವವನು ಬಂದು ಮುತ್ತುವಿಗೆ ಹೊಸ ಲಾಳ ಹೊಡೆದು ಹೋದ. ಕಿತ್ತ ಹಳೆಯ ಮೊಳೆಯೊಂದು ಸೆಗಣಿಯಲ್ಲಿ ಸೇರಿಕೊಂಡಿತ್ತು. ಎರಡು ದಿನ ಕಳೆದು ಬೆಳಿಗ್ಗೆ ಹುರುಳಿ ಕೊಡಲು ಹೋದ ಕುಂಞಿ ಮೋನುವಿನ ಬಲಗಾಲ ಅಡಿಗೆ ಅದು ಹೊಕ್ಕಿತು. ಎಳೆದು ತೆಗೆದ. ರಕ್ತ ಹೆಚ್ಚು ಬರಲಿಲ್ಲ. ಸೀಮೆಎಣ್ಣೆ ಹಚ್ಚಿ, ಅರಸಿನ ಒತ್ತಿ, ಬಟ್ಟೆ ಸುತ್ತಿ ಗಾಡಿ ಕಟ್ಟಿದ.

ಅವನ ಹೆಂಡತಿ ಕದೀಜಮ್ಮ ಆಗಲೇ ಹೇಳಿದಳು. ಆಸ್ಪತ್ರೆಯವರು ಕೇಳಿದ್ದು ಗಾಯ ತಾನೇ, ಈಗ ಉಂಟಲ್ಲ, ತೋರಿಸಿ ಬನ್ನಿ ಎಂದು.

“ಮುತ್ತುಗೆ ಸೂಜಿ ಹಾಕಿ ಆಗಿದೆಯಲ್ಲ,” ಎಂದ ಅವನು. “ನಮ್ಮ ಲಾಯದ ಮೊಳೆ ಅದು. ಎಂತ ಆಗುದಿಲ್ಲ.”

ಯಾವ ಗಾಯ ಇಲ್ಲವೆಂದು ಆಸ್ಪತ್ರೆಯವರು ಅವನನ್ನು ವಾಪಸು ಕಳಿಸಿದ್ದರೋ ಅದು ಕಾಲಿನ ಅಡಿಯಲ್ಲಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅದೇ ಆಸ್ಪತ್ರೆಯ ಎದುರಿನಿಂದ ದಿನಕ್ಕೆ ನಾಲ್ಕು ಸಲ ಗಾಡಿ ಹೊಡೆದ. ಒಂಬತ್ತನೇ ದಿನ ಬೆಳಿಗ್ಗೆ ಗಂಜಿ ಕುಡಿಯಲು ಕುಳಿತರೆ ಬಾಯಿ ತೆರೆಯಲಿಲ್ಲ.

ಹಲ್ಲುನೋವು ಎಂದುಕೊಂಡ. ಮಧ್ಯಾಹ್ನಕ್ಕೆ ಕುತ್ತಿಗೆ ಹಿಂದಕ್ಕೆ ಎಳೆಯಿತು. ಕದೀಜಮ್ಮ ಮುಖ ನೋಡಿದಳು. ನಗು ಬಾರದವನನ್ನು ಯಾರೋ ಹಿಡಿದು ನಗಿಸಿದ ಹಾಗೆ ಹಲ್ಲು ಕಾಣುತ್ತಿತ್ತು. ಔಸೇಪನ ಕುದುರೆಯ ಕಥೆಯನ್ನು ಗಂಡನ ಬಾಯಿಂದಲೇ ಕೇಳಿದವಳು ಅವಳು. ಯಾರನ್ನೂ ಕೇಳದೆ ಜೀಪು ಮಾಡಿ ಮಂಗಳೂರಿಗೆ ಕೊಂಡುಹೋದಳು. ದಾರಿಯಲ್ಲಿ ಹೊಂಡ ಬಂದಾಗೆಲ್ಲ ಅವನ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಆ ದಾರಿಯಲ್ಲಿ ಹೊಂಡ ಎಷ್ಟಿದ್ದವು ಎಂದು ನಿಮಗೆ ಹೇಳಬೇಕಾಗಿಲ್ಲ.

ಮೂವತ್ತನಾಲ್ಕು ದಿನ ಕಿಟಕಿಗೆ ಕಂಬಳಿ ಕಟ್ಟಿದ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದರು. ಬೆಳಕು, ಸದ್ದು ಯಾವುದೂ ಆಗುವುದಿಲ್ಲ. ಚಮಚ ಬಿದ್ದರೆ ಸಾಕು, ಮೈ ಮುರಿದುಕೊಳ್ಳುತ್ತಿತ್ತು. ಒಮ್ಮೆ ಹಾಗೆ ಬಿಗಿದಾಗ ಬೆನ್ನೆಲುಬಿನ ಎರಡು ಮೂಳೆ ನಿಜವಾಗಿಯೂ ಒಡೆದವು. ಸೂಜಿಗಳನ್ನು ಆಗ ಕೊಟ್ಟರು. ಎಷ್ಟು ಕೊಟ್ಟರೆಂದರೆ ಎಣಿಸುವುದನ್ನು ಕದೀಜಮ್ಮ ಬಿಟ್ಟಳು. ಬದುಕಿದ. ಬದುಕಿದ್ದು ಅದೃಷ್ಟ ಎಂದು ಡಾಕ್ಟರು ಹೇಳಿದರಂತೆ. ಸೊಂಟದಿಂದ ಮೇಲೆ ಬಾಗಿಯೇ ಉಳಿದ ಅವನಿಗೆ ಜಟಕಾದ ಮೇಲೆ ಕುಳಿತುಕೊಳ್ಳಲು ಮತ್ತೆ ಆಗಲಿಲ್ಲ.

ಇಷ್ಟರಲ್ಲಿ ಮುತ್ತುವಿಗೆ ಹುಲ್ಲು ಹಾಕಬೇಕಲ್ಲ. ಮಂಗಳೂರಿಗೂ ಮನೆಗೂ ಓಡಾಡುತ್ತಿದ್ದ ಕದೀಜಮ್ಮ ಲಾಯದ ಹೊರಗಿದ್ದ ರಬ್ಬರ್ ಬೂಟಿಗೆ ಕಾಲು ತೂರಿಸಿ ಸೀದಾ ಒಳಗೆ ಹೋದಳು. ಅವಳ ಕಾಲಿಗೆ ಅದು ಎರಡು ಬೆರಳು ದೊಡ್ಡದು. ವಿಚಾರಿಸಲು ಬಂದಿದ್ದ ಜಟಕಾದವರಿಗೆ ಅದನ್ನು ಕಂಡು ಮುಖ ಕೆಟ್ಟಿತು. ಅನ್ನ ಕೊಡುವ ಜಾಗಕ್ಕೆ ಬೂಟು ಹಾಕುದಾ ಎಂದು ಒಬ್ಬ ಕೇಳಿಯೇಬಿಟ್ಟ.

“ಮುತ್ತುನ ಕಾಲಿಗೆ ಲಾಳ ಉಂಟು,” ಎಂದಳು ಕದೀಜಮ್ಮ. “ಅದು ಬಾಗಿಲಲ್ಲಿ ಬಿಚ್ಚಿಟ್ಟು ಬರ್ತದಾ?”

ಸೆಗಣಿ ಎತ್ತುವುದನ್ನು ಅವಳು ನಿಲ್ಲಿಸಲಿಲ್ಲ. ಮರುವಾರ ಉಳಿದ ಆರು ಜಟಕಾದವರನ್ನೂ ಕರೆದುಕೊಂಡು ಅವಳೇ ಆಸ್ಪತ್ರೆಗೆ ಹೋದಳು. ಚೀಟಿಯ ಕಿಟಕಿಯಲ್ಲಿ ಅದೇ ಮನುಷ್ಯ, ಅದೇ ಪ್ರಶ್ನೆ. ಗಾಯ ಎಲ್ಲಿ?

“ಗಾಯ ಮಂಗಳೂರಿನಲ್ಲಿ ಮಲಗಿದೆ. ಹೊತ್ತುಕೊಂಡು ಬರಬೇಕಾ?”

ಒಳಗಿದ್ದ ನರ್ಸ್ ಸಿಸಿಲಿಗೆ ಇದು ಕೇಳಿಸಿತು. ನೆಲ್ಯಾಡಿ ಕಡೆಯ ರಬ್ಬರ್ ತೋಟದವರ ಮಗಳು. ಹೊರಗೆ ಬಂದು ಕದೀಜಮ್ಮನನ್ನು ಅಕ್ಕ ಎಂಬಂತೆ ‘ಇತ್ತಾ’ ಎಂದು ಬದಿಗೆ ಕರೆದು ಒಳಗಿನ ವಿಷಯ ಹೇಳಿದಳು. ಒಂದು ಬಾಟಲಿಯಲ್ಲಿ ಹತ್ತು ಜನರಿಗೆ ಆಗುವಷ್ಟು ಔಷಧ ಇರುತ್ತದೆ. ಒಬ್ಬರಿಗಾಗಿ ತೆರೆದರೆ ಉಳಿದದ್ದು ಚರಂಡಿಗೆ, ಹಾಗಾಗಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಬುಧವಾರ ಬಸುರಿಯರ ದಿನ. ಅವತ್ತು ಹೇಗೂ ತೆರೆಯುತ್ತಾರೆ, ಸಂಜೆ ಉಳಿದದ್ದನ್ನು ಚೆಲ್ಲುತ್ತಾರೆ.

“ಬುಧವಾರ ಬನ್ನಿ ಇತ್ತಾ. ಸಾಲಿನ ಕೊನೆಯಲ್ಲಿ ನಿಲ್ಲಿ. ಚೆಲ್ಲುದನ್ನು ನಾನು ನಿಮಗೆ ಹಾಕ್ತೇನೆ, ಯಾರು ಕೇಳಿದರೂ ನಾನು ಹೇಳ್ತೇನೆ.”

ಬುಧವಾರ ಆರು ಜನರೂ ಬಂದರು. ಜಗಲಿಯಲ್ಲಿ ಮೂವತ್ತು ಬಸುರಿ ಹೆಂಗಸರ ಸಾಲು. ಅದರ ಬಾಲಕ್ಕೆ ಕದೀಜಮ್ಮ ಹೋಗಿ ನಿಂತಳು. ಗಂಡಸರು ಗೇಟಿನ ಬಳಿ ಬೀಡಿ ಹಚ್ಚಿ ನಿಂತರು. ಹೆಂಗಸರು ಇವರನ್ನು ನೋಡಿ ಸೆರಗಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಆರು ಜನರಲ್ಲಿ ಒಬ್ಬ ನಾವೇನು ಬಸುರಿಯರಾ ಎಂದು ಗೊಣಗಿ ತಿರುಗಿದ. ನಿಮ್ಮ ಹೊಟ್ಟೆ ನೋಡಿದರೆ ಏಳನೇ ತಿಂಗಳು, ಸಾಲಲ್ಲಿ ಮೊದಲು ನಿಮ್ಮನ್ನೇ ಬಿಡುವ ಎಂದು ಸಿಸಿಲಿ ಬಾಗಿಲಿನಿಂದಲೇ ಹೇಳಿದಳು. ಅವನು ನಿಲ್ಲಲಿಲ್ಲ. ಅವನ ಹಿಂದೆ ಇನ್ನೂ ಮೂವರು ಹೋದರು. ಉಳಿದವರು ರವೂಫ್ ಮತ್ತು ಅಬ್ದುಲ್ ರಹ್ಮಾನ್. ಅವರಿಬ್ಬರೂ ನೆಲ ನೋಡುತ್ತ ಎರಡೂವರೆ ಗಂಟೆ ಆ ಸಾಲಿನಲ್ಲಿ ಕದೀಜಮ್ಮನ ಹಿಂದೆ ನಿಂತು, ಅವಳಾದ ಮೇಲೆ ಸೂಜಿ ಹಾಕಿಸಿಕೊಂಡರು. ಕುದುರೆಗಳ ಸೂಜಿಗಾಗಿ ಸರಕಾರದ ಮೆಟ್ಟಿಲಲ್ಲಿ ನಿಲ್ಲಲು ಹೆದರದ ಗಂಡಸರು, ತಮ್ಮ ಸೂಜಿಗಾಗಿ ಹೆಂಗಸರ ಹಿಂದೆ ನಿಲ್ಲಲು ಹೆದರಿದರು. ಇದನ್ನು ಬರೆಯಲು ನನಗೆ ಖುಷಿಯಿಲ್ಲ. ತಪ್ಪೆಲ್ಲ ಕಿಟಕಿಯ ಆಚೆ ಕುಳಿತವರದ್ದೇ ಎಂದು ಬರೆದರೆ ಸುಳ್ಳಾಗುತ್ತದೆ.

ಕುಂಞಿ ಮೋನು ಎಂಬತ್ತೆರಡರ ಜನವರಿಯಲ್ಲಿ ಮನೆಗೆ ಬಂದ. ಮುತ್ತುವನ್ನು ರವೂಫನಿಗೆ ಕೊಟ್ಟ. ಆಮೇಲೆ ಆಟೋ ಬಂದವು. ಎಂಬತ್ತೈದರ ಹೊತ್ತಿಗೆ ಪುತ್ತೂರಲ್ಲಿ ಎರಡೇ ಜಟಕಾ, ಈಗ ಅದೂ ಇಲ್ಲ. ಅವನು ಮನೆಯೆದುರು ಬಾಗಿ ಕುಳಿತು ಕದೀಜಮ್ಮ ತಂದ ಎಲೆಯಲ್ಲಿ ಬೀಡಿ ಸುತ್ತುತ್ತಾನೆ. ಯಾರಾದರೂ ಸಿಕ್ಕಿದರೆ ತನ್ನ ತರ್ಕ ಎಲ್ಲಿ ತಪ್ಪಿತು ಎಂದು ನಾಯಿಯಿಂದ ಶುರುಮಾಡಿ ಸೆಗಣಿಯವರೆಗೆ ಬಿಡಿಸಿ ಹೇಳುತ್ತಾನೆ. ಸೂಜಿ ಕಾಯುವುದು ಕುದುರೆಯ ಜೀವವನ್ನು, ಸೆಗಣಿಯಲ್ಲಿರುವ ಬೀಜ ಹಾಗೇ ಇರುತ್ತದೆ ಎಂದು. ಹೆಚ್ಚಿನವರು ಪೂರ್ತಿ ಕೇಳುವ ಮೊದಲೇ ಎದ್ದು ಹೋಗುತ್ತಾರೆ. ಅವನಿಗೂ ಈಗೀಗ ಹೇಳಿ ಸಾಕಾಗಿದೆ.

ಮನೆ ನಡೆಯುವುದು ಕದೀಜಮ್ಮನಿಂದ. ದನ ಸಾಕಿದ ಮನೆಗಳಲ್ಲಿ ಹಟ್ಟಿ ತೊಳೆದು, ತೋಟಕ್ಕೆ ಗೊಬ್ಬರ ಹೊರುತ್ತಾಳೆ. ದನದ ಸೆಗಣಿಯಲ್ಲೂ ಅದೇ ಬೀಜ ಉಂಟು ಎಂದು ಮಾಯಿಲಪ್ಪ ಅವಳಿಗೆ ಹೇಳಿದ್ದಾನೆ. ಬೂಟು ಹಾಕಿಯೇ ಹೋಗುತ್ತಾಳೆ. ಎರಡು ಮನೆಯವರು ಹಟ್ಟಿಗೆ ಬೂಟು ಹಾಕಿ ಬರಬೇಡ, ಅದು ದನ ಇರುವ ಜಾಗ ಎಂದು ಅವಳನ್ನು ಕೆಲಸದಿಂದ ಬಿಡಿಸಿದರು. ಒಂದು ಮನೆಯಲ್ಲಿ ಈಗ ಆ ಕೆಲಸಕ್ಕೆ ಬರುವ ಹೆಣ್ಣು ಬರಿಗಾಲಲ್ಲಿ ಬರುತ್ತಾಳೆ. ಅವಳಿಗೆ ಸೂಜಿ ಹಾಕಿಸಿದ್ದೀರಾ ಎಂದು ನಾನು ಆ ಮನೆಯ ಯಜಮಾನರನ್ನು ಕೇಳಿದೆ. ಯಾಕೆ, ಅವಳಿಗೆ ಗಾಯ ಆಗಿದೆಯಾ ಎಂದು ಅವರು ನನ್ನನ್ನೇ ಕೇಳಿದರು. ಓದಿದವರು. ಒಳ್ಳೆಯವರೂ ಹೌದು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಹಟ್ಟಿ ಇರಬಹುದು. ಗೊಬ್ಬರದ ಹೊಂಡ ಇರಬಹುದು. ಅದಕ್ಕೆ ಇಳಿಯುವವರು ನೀವಾಗಿರಲಿಕ್ಕಿಲ್ಲ. ಇಳಿಯುವವರ ಹೆಸರು ನಿಮಗೆ ಗೊತ್ತು. ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಬಸ್ಸಿನ ಚಾರ್ಜು ನಿಮ್ಮದು. ಅವತ್ತಿನ ಕೂಲಿ ಕಡಿಯಬೇಡಿ. ಎಂತ ಆಗಿದೆ ಎಂದು ಕೇಳಿದರೆ ಎಂತ ಆಗಿಲ್ಲ, ಆಗಬಾರದೆಂದೇ ಬಂದದ್ದು ಎಂದು ಹೇಳಿ, ಹಾಕಿಸುವವರೆಗೆ ಅಲ್ಲಿಂದ ಕದಲಬೇಡಿ. ತಿಂಗಳು ಬಿಟ್ಟು ಎರಡನೆಯ ಸೂಜಿಗೂ ನೀವೇ ಕರೆದುಕೊಂಡು ಹೋಗಿ. ಯಾವ ಬುಧವಾರ ಹೋಗುತ್ತೀರಿ? ತಾರೀಕು ಹೇಳಿ.